ಬಿಜಲಿಯ ಪಕ್ಕದಲ್ಲಿ ಒಂದು ಗಂಟೆ: ಕುದುರೆಯ ಜೊತೆ ಸುಮ್ಮನಿರುವ ಬಗೆ

ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವನು ನಾನು. ಹೆಚ್ಚಿನ ಕಾಲ ಮೈಸೂರು–ಬೆಂಗಳೂರು ಮಾರ್ಗ. ನಿವೃತ್ತನಾದ ದಿನ ಬಸ್ಸು ನನ್ನನ್ನು ಬಿಟ್ಟಿತು, ನಾನು ಮಾತ್ರ ಅದನ್ನು ಬಿಡಲಿಲ್ಲ. ಬೆಳಗಿನ ನಾಲ್ಕಕ್ಕೇ ಎಚ್ಚರ. ಊಟಕ್ಕೆ ಕುಳಿತರೆ ಎಡಗಾಲು ತಾನಾಗಿಯೇ ಕ್ಲಚ್ ಒತ್ತುತ್ತಿತ್ತು. ಪಕ್ಕದ ಮನೆಯ ಹುಡುಗ ಹಾರ್ನ್ ಬಾರಿಸಿದರೆ ಎದೆ ಧಸಕ್ಕೆನ್ನುತ್ತಿತ್ತು. ವೈದ್ಯರು ಬಿಪಿ ಮಾತ್ರೆ ಬರೆದುಕೊಟ್ಟು, ದಿನಾ ಸ್ವಲ್ಪ ಹೊತ್ತು ಧ್ಯಾನ ಮಾಡಿ ಎಂದರು. ಕಣ್ಣು ಮುಚ್ಚಿ ಕುಳಿತೆ. ಮದ್ದೂರಿನ ಹತ್ತಿರ ಎದುರಿಗೆ ನುಗ್ಗಿ ಬಂದಿದ್ದ ಲಾರಿಗಳೆಲ್ಲ ಸಾಲುಗಟ್ಟಿ ಬಂದು ನಿಂತವು. ಕಣ್ಣು ಮುಚ್ಚುವುದು ಚಾಲಕನಿಗೆ ಒಗ್ಗುವ ವಿದ್ಯೆಯಲ್ಲ.

ಕಣ್ಣು ತೆರೆದುಕೊಂಡೇ ಮಾಡುವ ವಿದ್ಯೆ ನನಗೆ ಸಿಕ್ಕಿದ್ದು ಒಂದು ಕುದುರೆಯ ಪಕ್ಕದಲ್ಲಿ. ಚಾಮುಂಡಿ ಬೆಟ್ಟದ ತಪ್ಪಲಿನ ಕಡೆ ಟಾಂಗಾ ಓಡಿಸುವ ಹಿರಿಯರೊಬ್ಬರಿದ್ದಾರೆ. ಬೀದಿಗೆಲ್ಲ ಅವರು ಚಾಚಾ. ಬಸ್ಸಿಗೆ ಅಡ್ಡವಾಗುತ್ತಾರೆಂದು ನಾನು ಹಿಂದೆ ಗೊಣಗಿಕೊಳ್ಳುತ್ತಿದ್ದ ಟಾಂಗಾದವರಲ್ಲಿ ಅವರೂ ಒಬ್ಬರಿರಬೇಕು. ಅವರ ಲಾಯದಲ್ಲಿ ಕಂದು ಬಣ್ಣದ ಹೆಣ್ಣು ಕುದುರೆ ಇದೆ, ಹತ್ತೊಂಬತ್ತು ವರ್ಷದ್ದು. ಹೆಸರು ಬಿಜಲಿ, ನಡಿಗೆ ಮದುವೆ ದಿಬ್ಬಣದ್ದು. ಗಾಡಿಯಿಂದ ಬಿಡುಗಡೆಯಾಗಿ ಅವಳೂ ನನ್ನಂತೆಯೇ ನಿವೃತ್ತೆ. ಅವಳ ಪಿಂಚಣಿ ಚಾಚಾ ಅವರ ಜೇಬಿನಿಂದ. ಎರಡು ವರ್ಷದಿಂದ ವಾರಕ್ಕೆ ಮೂರು ಬೆಳಿಗ್ಗೆ ಅವಳ ಜೊತೆ ಒಂದೊಂದು ಗಂಟೆ ಇರುತ್ತೇನೆ. ಒಂದು ಸಲವೂ ಬೆನ್ನೇರಿಲ್ಲ. ಏನು ಮಾಡುತ್ತೀರಿ ಅಲ್ಲಿ ಎಂದು ಕೇಳುವವರು ಹೆಚ್ಚಾದ್ದರಿಂದ ಇದನ್ನು ಬರೆದಿದ್ದೇನೆ. ನನ್ನ ತಂಗಿಯ ಮಗಳು ಪಶುವೈದ್ಯಕೀಯ ಓದುತ್ತಿದ್ದಾಳೆ. ಅಂಕಿಸಂಖ್ಯೆಗಳನ್ನು ಅವಳ ಕೈಯಲ್ಲಿ ತಿದ್ದಿಸಿಯೇ ಹಾಕಿದ್ದೇನೆ.

ಯಾವ ಕುದುರೆ, ಯಾವ ಹೊತ್ತು

ಟಾಂಗಾದವರು, ಸವಾರಿ ಕಲಿಸುವ ಶಾಲೆಗಳು, ತೋಟದಲ್ಲಿ ಹವ್ಯಾಸಕ್ಕೆ ಕುದುರೆ ಸಾಕಿದವರು, ಯಾರನ್ನಾದರೂ ಕೇಳಬಹುದು. ಕೇಳುವಾಗ "ನನಗೆ ಸವಾರಿ ಬೇಡ, ವಯಸ್ಸಾದ ಸಾಧು ಕುದುರೆಯ ಹತ್ತಿರ ಸ್ವಲ್ಪ ಹೊತ್ತು ಇರಬೇಕು, ಬೇಕಾದರೆ ಲಾಯ ಗುಡಿಸಿಕೊಡುತ್ತೇನೆ" ಎಂದು ನೇರವಾಗಿ ಹೇಳಿ. ಮೊದಲು ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ. ಗುಡಿಸಲು ಶುರು ಮಾಡಿದ ಮೇಲೆ ನೋಡುವುದಿಲ್ಲ. ಬೀಜದ ಕುದುರೆ ಬೇಡ, ಮರಿ ಹಾಕಿದ ತಾಯಿ ಬೇಡ, ಕುದುರೆಯನ್ನು ಬಲ್ಲ ಒಬ್ಬರು ಕೂಗಳತೆಯಲ್ಲಿ ಇಲ್ಲದೆ ಬೇಡವೇ ಬೇಡ.

ದುಡ್ಡು ಕೊಡುವ ಬದಲು ಮೇವು ಕೊಡಿ ಎನ್ನುವುದು ನನ್ನ ಸಲಹೆ. ಹುಲ್ಲಿನ ಹೊರೆ, ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪು, ಇಲ್ಲವೇ ಹುರುಳಿ. ಹುರುಳಿಗೂ ಮಾತಿನ ಹುರುಳಿಗೂ ನಂಟಿದೆಯೋ ಇಲ್ಲವೋ ಪಂಡಿತರು ಹೇಳಲಿ. ನಾನು ಬರಿಗೈಯಲ್ಲಿ ಹೋದ ದಿನ ಆಡಿದ ಮಾತನ್ನು ಚಾಚಾ ಕಿವಿಗೇ ಹಾಕಿಕೊಂಡಿರಲಿಲ್ಲ, ಎರಡು ಕಿಲೋ ಹುರುಳಿ ಒಯ್ದ ದಿನ ಕುಳ್ಳಿರಿಸಿ ಚಹಾ ಕೊಟ್ಟರು. ಆದರೆ ತಂದದ್ದನ್ನು ನೀವೇ ಕುದುರೆಯ ಬಾಯಿಗೆ ಹಿಡಿಯಬೇಡಿ, ಯಜಮಾನರ ಕೈಗೆ ಕೊಡಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಗೆ ಹೋದ ತಪ್ಪು ವಸ್ತು ವಾಪಸು ಬರುವ ದಾರಿಯಿಲ್ಲ, ಹೊಟ್ಟೆನೋವಿನಲ್ಲೇ ಪ್ರಾಣ ಹೋಗಬಹುದು. ಪ್ರೀತಿಯಿಂದ ಬ್ರೆಡ್ಡು, ಬಿಸ್ಕತ್ತು, ಹಬ್ಬದ ಮರುದಿನದ ಹೋಳಿಗೆ ತಿನ್ನಿಸುವವರನ್ನು ಕಂಡರೆ ನನಗೆ ಫುಟ್‌ಬೋರ್ಡಿನಲ್ಲಿ ಜೋತುಬೀಳುವವರನ್ನು ಕಂಡಾಗಿನ ಸಿಟ್ಟೇ ಬರುತ್ತದೆ. ಯಜಮಾನರು ಒಪ್ಪಿದರೆ ಒಂದು ಕ್ಯಾರೆಟ್ ಸಾಕು. ಅದನ್ನು ಬಿಲ್ಲೆಯಾಗಿ ಹೆಚ್ಚಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಉದ್ದಕ್ಕೆ ಸೀಳಿ, ಬೆರಳುಗಳನ್ನು ಜೋಡಿಸಿ ಅಂಗೈ ಚಪ್ಪಟೆ ಮಾಡಿ ಅದರ ಮೇಲಿಟ್ಟು ಕೊಡಬೇಕು.

ಹೊತ್ತು ಬೆಳಗಿನ ಆರೂವರೆ ಒಳ್ಳೆಯದು, ಅದೂ ಮೇವು ನೀರು ಆದ ಮೇಲೆ. ಬಯಲಿನಲ್ಲಿ ಬಿಟ್ಟ ಕುದುರೆ ದಿನದ ಹದಿನೈದು ಹದಿನಾರು ಗಂಟೆ ಮೇಯುತ್ತಲೇ ಇರುತ್ತದೆ. ಅದರ ಹೊಟ್ಟೆ ಹಾಗೆ, ಸ್ವಲ್ಪ ಸ್ವಲ್ಪ ಬರುತ್ತಲೇ ಇರಬೇಕು. ಹಸಿದ ಕುದುರೆಯಿಂದ ಶಾಂತಿ ಬಯಸುವುದು ಊಟದ ಹೊತ್ತಿಗೆ ಕಂಡಕ್ಟರನ ಬಳಿ ಚಿಲ್ಲರೆ ಕೇಳಿದ ಹಾಗೆ.

ಬೂಟು ಹಾಕಿಕೊಳ್ಳಿ. ಈ ಒಂದು ವಾಕ್ಯವನ್ನು ಕೆಂಪು ಶಾಯಿಯಲ್ಲಿ ಬರೆಯಬೇಕಿತ್ತು. ಮೊದಲ ತಿಂಗಳು ನಾನು ಚಪ್ಪಲಿಯಲ್ಲೇ ಹೋಗುತ್ತಿದ್ದೆ. ಒಂದು ದಿನ ಹನಿ ಬಿತ್ತು, ಬಿಜಲಿಯ ಪಕ್ಕದಲ್ಲೇ ಫಟ್ಟೆಂದು ಛತ್ರಿ ಬಿಚ್ಚಿದೆ. ಅವಳು ಒಂದು ಹೆಜ್ಜೆ ಸರಿದಳು, ಅಷ್ಟೇ. ಆ ಹೆಜ್ಜೆಯ ಕೆಳಗೆ ನನ್ನ ಹೆಬ್ಬೆರಳಿತ್ತು. ಉಗುರು ಕಪ್ಪಾಗಿ ಬಿದ್ದು ಹೊಸದು ಬರಲು ತಿಂಗಳುಗಟ್ಟಲೆ ಹಿಡಿಯಿತು. ತಪ್ಪು ಅವಳದಲ್ಲ. ಅಂದಿನಿಂದ ಮುಂಭಾಗ ಗಟ್ಟಿಯಾದ ಬೂಟು. ಹಾರಾಡುವ ಶಾಲು ಇಲ್ಲ, ಛತ್ರಿ ಇಲ್ಲ, ಚರಪರ ಎನ್ನುವ ಪ್ಲಾಸ್ಟಿಕ್ ಚೀಲ ಇಲ್ಲ. ಹಾಗೆಯೇ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕಿ. ಆ ರೋಗಾಣು ಮಣ್ಣಿನಲ್ಲೂ ಕುದುರೆಯ ಲದ್ದಿಯಲ್ಲೂ ಇರುತ್ತದೆ.

ಹತ್ತಿರ ಹೋಗುವುದು

ಬಸ್ಸಿನ ಕನ್ನಡಿಗೆ ಕಾಣದ ಜಾಗವೊಂದಿರುತ್ತದೆ. ಸ್ಕೂಟರಿನವನು ಅಲ್ಲಿ ಸೇರಿಕೊಂಡರೆ ಚಾಲಕನ ಪಾಲಿಗೆ ಅವನು ಇಲ್ಲವೇ ಇಲ್ಲ. ಕುದುರೆಗೂ ಅಂಥ ಎರಡು ಜಾಗಗಳಿವೆ: ಹಣೆಯ ನೇರ ಮುಂದೆ ಸ್ವಲ್ಪ, ಬಾಲದ ನೇರ ಹಿಂದೆ ಸ್ವಲ್ಪ. ಉಳಿದಂತೆ ಕಣ್ಣುಗಳು ತಲೆಯ ಎರಡು ಬದಿಯಲ್ಲಿರುವುದರಿಂದ ಸುತ್ತಲಿನ 360 ಡಿಗ್ರಿಯಲ್ಲಿ ಸುಮಾರು 350 ಡಿಗ್ರಿ ಅದಕ್ಕೆ ಕಾಣುತ್ತದೆ. ಪೇಟೆಯಲ್ಲಿ ಗಾಡಿ ಎಳೆಯುವ ಕುದುರೆಗೆ ಕಣ್ಣುಪಟ್ಟಿ ಕಟ್ಟುವುದು ಇದಕ್ಕೇ. ಅದಕ್ಕೆ ಕಾಣುವುದು ಕಡಿಮೆ ಎಂದಲ್ಲ, ಹೆಚ್ಚಾಯಿತು ಎಂದು.

ಹಾಗಾಗಿ ಹಿಂದಿನಿಂದ ಬೇಡ, ಮೂಗಿನ ನೇರಕ್ಕೂ ಬೇಡ. ಎಡಭುಜದ ಕಡೆಗೆ ಓರೆಯಾಗಿ, ಏನಾದರೂ ಮೆಲ್ಲಗೆ ಮಾತಾಡುತ್ತಾ ನಡೆಯಿರಿ. ಎಡಗಡೆ ಏಕೆಂದರೆ ಲಗಾಮು ಹಾಕುವವರು, ಬೆನ್ನೇರುವವರು ಎಲ್ಲರೂ ಎಡದಿಂದಲೇ ಬರುವುದು ರೂಢಿ, ಅದಕ್ಕೆ ಅಭ್ಯಾಸವಾಗಿರುತ್ತದೆ. ಏನು ಮಾತಾಡಬೇಕು ಎಂದು ಕೇಳಬೇಡಿ. ನಾನು ನಿಲ್ದಾಣಗಳ ಹೆಸರು ಹೇಳುತ್ತೇನೆ: ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ. ರಾಮನಗರ ಬರುವಷ್ಟರಲ್ಲಿ ಅವಳ ಹತ್ತಿರ ಇರುತ್ತೇನೆ.

ಎರಡು ಮಾರು ದೂರದಲ್ಲಿ ನಿಂತುಬಿಡಿ. ಈಗ ಕಿವಿ ನೋಡಿ. ಕುದುರೆಯ ಮನಸ್ಸು ಇರುವುದು ಕಿವಿಯಲ್ಲಿ ಎಂದು ಚಾಚಾ ಹೇಳುತ್ತಾರೆ, ನನ್ನ ಅನುಭವವೂ ಅದೇ. ಎರಡೂ ಕಿವಿ ನಿಮ್ಮತ್ತ ತಿರುಗಿದರೆ ನಿಮ್ಮನ್ನು ಗಮನಿಸಿದೆ. ಒಂದು ನಿಮ್ಮತ್ತ, ಒಂದು ರಸ್ತೆಯತ್ತ ಇದ್ದರೆ ಎರಡು ಕಡೆಯೂ ನಿಗಾ ಇಟ್ಟಿದೆ. ಪಕ್ಕಕ್ಕೆ ಸಡಿಲವಾಗಿ ಬಿದ್ದಿದ್ದರೆ ಅರೆನಿದ್ದೆ. ಹಿಂದಕ್ಕೆ ಮಡಚಿ ಕತ್ತಿಗೆ ಒತ್ತಿಕೊಂಡಿದ್ದರೆ ಇವತ್ತಿನ ಸೇವೆ ರದ್ದು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ. ಬಾಲ ರಪರಪ ಬಡಿಯುತ್ತಿದ್ದು ಅಲ್ಲಿ ನೊಣವಿಲ್ಲದಿದ್ದರೂ ಹಾಗೆಯೇ.

ಕಿವಿ ನಿಮ್ಮತ್ತ ತಿರುಗಿದ್ದರೆ ಕೈಯ ಹಿಂಭಾಗವನ್ನು ಕೆಳಗಿನಿಂದ ಚಾಚಿ. ಬೇಕೆನಿಸಿದರೆ ಅದೇ ಮೂಗು ತಂದು ಮೂಸುತ್ತದೆ. ಬೇಡವೆನಿಸಿದರೆ ಮುಖ ತಿರುಗಿಸುತ್ತದೆ. ಹೀಗೆ ಮುಖ ತಿರುಗಿಸಿಕೊಂಡದ್ದನ್ನು ಅವಮಾನವೆಂದು ತಿಳಿಯದಿರುವುದು ನನಗೆ ಈ ಇಡೀ ವಿದ್ಯೆಯಲ್ಲಿ ಕಷ್ಟವಾದ ಪಾಠ. ನಾನು ಹಾರ್ನ್ ಹೊಡೆದರೆ ದಾರಿ ಬಿಡುವ ಜಗತ್ತಿನಲ್ಲಿ ಇದ್ದು ಬಂದವನು.

ಸುಮ್ಮನೆ ನಿಲ್ಲುವುದು

ಈಗ ಬರುತ್ತದೆ ಅಸಲಿ ಕೆಲಸ: ಹತ್ತು ನಿಮಿಷ ಏನೂ ಮಾಡದೆ ನಿಲ್ಲಿ. ಮುಟ್ಟಬೇಡಿ, ಫೋಟೊ ತೆಗೆಯಬೇಡಿ. ಮೊಬೈಲನ್ನು ನಾನು ಚಾಚಾ ಅವರ ಕಿಟಕಿಯಲ್ಲಿ ಇಟ್ಟು ಬರುತ್ತೇನೆ. ಅದರ ಭುಜದ ಪಕ್ಕದಲ್ಲಿ, ಒಂದು ತೋಳಿನಷ್ಟು ದೂರದಲ್ಲಿ, ಅದು ನೋಡುತ್ತಿರುವ ದಿಕ್ಕಿಗೇ ಮುಖ ಮಾಡಿ ನಿಲ್ಲಿ. ಮಂಡಿ ಸಡಿಲ ಬಿಡಿ.

ನಂತರ ಅದರ ಪಕ್ಕೆಯ ಹಿಂಭಾಗವನ್ನು ನೋಡಿ. ಪಕ್ಕೆ ಮುಗಿದು ತೊಡೆ ಶುರುವಾಗುವ ಮುನ್ನ ಒಂದು ತಗ್ಗಿದೆಯಲ್ಲ, ಉಸಿರು ಅಲ್ಲಿ ಕಾಣುತ್ತದೆ. ವಿಶ್ರಾಂತಿಯಲ್ಲಿರುವ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ಬಿಜಲಿಯದು ಸಾಮಾನ್ಯವಾಗಿ ಹತ್ತು ಹನ್ನೊಂದು. ಎಣಿಸಿ. ಎಣಿಸುವುದೊಂದೇ ಕೆಲಸ. ನಿಮ್ಮ ಉಸಿರನ್ನು ಅದಕ್ಕೆ ಹೊಂದಿಸಲು ಹೋಗಬೇಡಿ, ಹೊಂದಿಸಹೊರಟರೆ ತಲೆ ಸುತ್ತುತ್ತದೆ. ನಾನು ಹೋಗಿ ನೋಡಿದ್ದೇನೆ. ಅದರದನ್ನು ಎಣಿಸುತ್ತಿದ್ದರೆ ನಿಮ್ಮದು ನಿಮಗೆ ತಿಳಿಯದೆಯೇ ನಿಧಾನವಾಗಿರುತ್ತದೆ. ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ಬ್ರೇಕು ಕಾದು ಹೋಗುತ್ತದೆ. ಗೇರು ಇಳಿಸಿದರೆ ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ. ಧ್ಯಾನಕ್ಕೆ ಕುಳಿತು ನಾನು ಮಾಡುತ್ತಿದ್ದದ್ದು ಮೊದಲನೆಯದನ್ನು.

ಕುದುರೆಯ ಹೃದಯದಿಂದ ಯಾವುದೋ ಅಲೆ ಹೊರಟು ಮನುಷ್ಯನನ್ನು ಗುಣಪಡಿಸುತ್ತದೆ ಎಂದು ಹೇಳುವವರಿದ್ದಾರೆ. ನನಗೆ ಆ ಮಾತಿನಲ್ಲಿ ನಂಬಿಕೆಯಿಲ್ಲ, ಬಿಪಿ ಮಾತ್ರೆಯನ್ನೂ ನಿಲ್ಲಿಸಿಲ್ಲ. ನನಗೆ ಅರ್ಥವಾಗಿರುವುದು ಇಷ್ಟು. ಕುದುರೆ ಹುಲಿ ಚಿರತೆಗಳ ಬಾಯಿಗೆ ಬೀಳುವ ಜಾತಿ. ಬದುಕಬೇಕಾದರೆ ಸುತ್ತಲಿನವರ ಮೈಯನ್ನು ಓದುತ್ತಲೇ ಇರಬೇಕು. ಜರ್ಮನಿಯಲ್ಲಿ ಹಾನ್ಸ್ ಎಂಬ ಕುದುರೆ ಕಳೆದ ಶತಮಾನದ ಆರಂಭದಲ್ಲಿ ಹೆಸರಾಗಿತ್ತು. ಲೆಕ್ಕ ಕೇಳಿದರೆ ಗೊರಸು ಬಡಿದು ಸರಿಯುತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಪರೀಕ್ಷಿಸಿದಾಗ ಗುಟ್ಟು ಬಯಲಾಯಿತು. ಹಾನ್ಸ್‌ಗೆ ಲೆಕ್ಕ ಬರುತ್ತಿರಲಿಲ್ಲ. ಗೊರಸಿನ ಬಡಿತ ಸರಿಯುತ್ತರಕ್ಕೆ ಬಂದಾಗ ಪ್ರಶ್ನೆ ಕೇಳಿದವರ ತಲೆ ಅವರಿಗೇ ಗೊತ್ತಿಲ್ಲದೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಅದನ್ನು ನೋಡಿ ಅದು ನಿಲ್ಲಿಸುತ್ತಿತ್ತು. ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್ ತಪ್ಪುತ್ತಿತ್ತು. ಲೆಕ್ಕಕ್ಕಿಂತ ದೊಡ್ಡ ವಿದ್ಯೆ ಅದಕ್ಕೆ ಗೊತ್ತಿತ್ತು ಎಂದು ನನಗನಿಸುತ್ತದೆ.

ಇಂಥ ಪ್ರಾಣಿಯ ಪಕ್ಕದಲ್ಲಿ ಹಲ್ಲು ಕಚ್ಚಿಕೊಂಡು ಶಾಂತವಾಗಿದ್ದೇನೆಂದು ನಟಿಸಿ ಪ್ರಯೋಜನವಿಲ್ಲ. ಮಗನ ಜೊತೆ ಫೋನಿನಲ್ಲಿ ಜಗಳವಾಡಿದ ಬೆಳಿಗ್ಗೆ ನಾನು ನಗುಮುಖ ಮಾಡಿಕೊಂಡೇ ಹೋಗಿದ್ದೆ. ಬಿಜಲಿ ಕತ್ತೆತ್ತಿ, ಮೂಗಿನ ಹೊಳ್ಳೆ ಅರಳಿಸಿ ಎರಡು ಹೆಜ್ಜೆ ಹಿಂದೆ ಸರಿದಳು. "ಡ್ರೈವರ್ ಸಾಹೇಬರೇ, ಇವತ್ತು ಭುಜ ಕಿವಿಯ ಹತ್ತಿರ ಬಂದಿದೆ ನೋಡಿ" ಎಂದರು ಚಾಚಾ. ಇಳಿಸಿದೆ. ಕೋಪ ಹೋಗಲಿಲ್ಲ, ಆದರೆ ಕೋಪ ಇದೆ ಎಂದು ಒಪ್ಪಿಕೊಂಡು ಬೇಲಿಯ ಕಲ್ಲಿನ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ಅವಳೇ ಬಂದಳು. ನೀವು ಬೇಸರದಲ್ಲಿದ್ದರೂ ಅಡ್ಡಿಯಿಲ್ಲ, ಮುಚ್ಚಿಡಬೇಡಿ, ಅಷ್ಟೇ. ಮುಚ್ಚಿಟ್ಟಾಗ ಮೈ ಬಿಗಿಯುತ್ತದೆ, ಬಿಗಿದ ಮೈ ಅದಕ್ಕೆ ಹೊಂಚು ಹಾಕುವವನ ಮೈಯಾಗಿ ಕಾಣುತ್ತದೆ.

ಹತ್ತು ನಿಮಿಷದೊಳಗೆ ಅದು ತಲೆ ತಗ್ಗಿಸಬಹುದು, ನಾಲಗೆ ಹೊರಳಿಸಿ ಏನೋ ಅಗಿದ ಹಾಗೆ ಮಾಡಬಹುದು, ಮೂಗಿನಿಂದ ಫುರ್ರೆಂದು ಉದ್ದಕ್ಕೆ ಗಾಳಿ ಬಿಡಬಹುದು. ಏನೂ ಆಗದೆಯೂ ಇರಬಹುದು. ಮೊದಲ ಮೂರು ವಾರ ನನಗೇನೂ ಆಗಲಿಲ್ಲ, ಕಾಲು ನೋವು ಬಿಟ್ಟು.

ಕೈ ಇಡುವುದು, ಖರಾರ ಹಿಡಿಯುವುದು

ಮುಟ್ಟುವುದಾದರೆ ಮುಖವನ್ನಲ್ಲ, ಭುಜವನ್ನು. ಎಲ್ಲರ ಕೈಯೂ ಮೊದಲು ಹಣೆಗೆ ಹೋಗುತ್ತದೆ. ಅದು ಕಾಣದ ಜಾಗ ಎಂದು ಆಗಲೇ ಹೇಳಿದೆ. ಕತ್ತಿನ ಕೂದಲು ಮುಗಿದು ಬೆನ್ನು ಶುರುವಾಗುವಲ್ಲಿ ಒಂದು ಉಬ್ಬಿದೆ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವುದು ಹೆಚ್ಚಾಗಿ ಅಲ್ಲಿ. ಫ್ರಾನ್ಸಿನ ಕಾಮಾರ್ಗ್ ತಳಿಯ ಕುದುರೆಗಳಿಗೆ ಆ ಜಾಗದ ಹತ್ತಿರ ಕೆರೆದಾಗ ಹೃದಯದ ಬಡಿತ ಕಡಿಮೆಯಾಯಿತೆಂದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. ವಿಶ್ರಾಂತಿಯಲ್ಲಿ ದೊಡ್ಡ ಕುದುರೆಯ ಎದೆ ಹೇಗೂ ನಿಮಿಷಕ್ಕೆ 28ರಿಂದ 44 ಸಲವಷ್ಟೇ ಬಡಿಯುತ್ತದೆ. ಅಲ್ಲಿ ಬೆರಳ ತುದಿಯಿಂದ ಗಟ್ಟಿಯಾಗಿ ಕೆರೆಯಿರಿ. ಕಚಗುಳಿಯಿಟ್ಟ ಹಾಗೆ ಮೇಲೆಮೇಲೆ ಬೇಡ. ಒಂದು ನೊಣ ಕೂತರೂ ಆ ಜಾಗದ ಚರ್ಮವನ್ನಷ್ಟೇ ಅದುರಿಸಬಲ್ಲ ಪ್ರಾಣಿ ಅದು, ಹಗುರ ಬೆರಳು ಅದಕ್ಕೆ ಇನ್ನೊಂದು ನೊಣ. ಜಾಗ ಸರಿಯಾಗಿ ಸಿಕ್ಕಿದರೆ ಮೇಲ್ದುಟಿ ಮುಂದಕ್ಕೆ ಚಾಚಿ ನಡುಗುತ್ತದೆ. ನಗು ತಡೆಯುವುದು ಕಷ್ಟ, ತಡೆಯಬೇಕಾಗಿಯೂ ಇಲ್ಲ.

ಯಜಮಾನರು ಖರಾರ (ಕುದುರೆಯ ಮೈ ಉಜ್ಜುವ ಹಲ್ಲಿನ ಬಾಚಣಿಗೆ), ಬ್ರಷ್ಷು ಕೊಟ್ಟರೆ ಮಾಲೀಸು ಮಾಡಿ. ಕತ್ತಿನಿಂದ ಹಿಂದಕ್ಕೆ, ಕೂದಲು ಮಲಗಿರುವ ದಿಕ್ಕಿಗೆ. ಮೂಳೆ ಎದ್ದ ಕಡೆ ಖರಾರ ಒತ್ತಬೇಡಿ. ಒಂದು ಕೈ ಸದಾ ಅದರ ಮೈಮೇಲಿರಲಿ, ಆಗ ನೀವು ಎಲ್ಲಿದ್ದೀರೆಂದು ಅದಕ್ಕೆ ತಿಳಿದಿರುತ್ತದೆ. ಗೊರಸು ಎತ್ತುವ ಕೆಲಸವನ್ನು ಬಲ್ಲವರಿಂದ ಕಲಿಯದೆ ಮಾಡಬೇಡಿ.

ಬ್ರಷ್ಷು ಹಿಡಿದಾಗಲೇ ನನಗೆ ಬಿಜಲಿಯ ಎದೆಯ ಮೇಲಿನ ಗುರುತುಗಳು ಕಂಡದ್ದು. ಗಾಡಿಯ ಪಟ್ಟಿ ಉಜ್ಜಿದಲ್ಲಿ ಬಿಳಿ ಕೂದಲು ಬಂದಿದೆ. ದುಡಿದು ಸವೆದ ಪ್ರಾಣಿಯ ಪಕ್ಕ ನಿಂತು ನನ್ನ ಮನಶ್ಶಾಂತಿ ಹುಡುಕುವುದು ಸರಿಯೇ ಎಂದು ಅವತ್ತು ಮನಸ್ಸಿಗೆ ಚುಚ್ಚಿತು. ಚಾಚಾ ಅವರನ್ನೇ ಕೇಳಿದೆ. "ಇವಳು ದುಡಿದೇ ನನ್ನ ಇಬ್ಬರು ಹೆಣ್ಣುಮಕ್ಕಳ ಫೀಸು ಕಟ್ಟಿದ್ದು. ಗುರುತು ನನಗೂ ಗೊತ್ತು" ಎಂದರು, ಮುಂದೆ ಮಾತಾಡಲಿಲ್ಲ. ಪೂರ್ಣ ಉತ್ತರ ನನ್ನಲ್ಲೂ ಇಲ್ಲ. ನನ್ನ ನಿಯಮ ಒಂದಿದೆ: ಹಸಿ ಗಾಯವಿರುವ, ಕುಂಟುವ, ಪಕ್ಕೆಲುಬು ಎಣಿಸಬಹುದಾದ ಕುದುರೆಯ ಬಳಿ ಶಾಂತಿಗೆಂದು ಹೋಗುವುದಿಲ್ಲ. ಅಂಥದ್ದು ಕಂಡರೆ ಪಶು ಆಸ್ಪತ್ರೆಯ ಖರ್ಚಿಗೆ ಯಜಮಾನನ ಕೈಯಲ್ಲಿ ನಾಲ್ಕು ಕಾಸು ಇಡುತ್ತೇನೆ. ಬೈದರೆ ಅವನು ಕುದುರೆಯನ್ನು ಬಚ್ಚಿಡುತ್ತಾನೆ, ಗಾಯ ಮಾಯುವುದಿಲ್ಲ.

ಜೊತೆಯಲ್ಲಿ ಮೇಯಿಸುವುದು

ಕೊನೆಯ ಇಪ್ಪತ್ತು ನಿಮಿಷ ಹಗ್ಗ ಹಿಡಿದು ಬಯಲಿಗೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು; ಅದು ಬೆದರಿ ಓಡಿದರೆ ನಿಮ್ಮನ್ನೂ ಎಳೆದೊಯ್ಯುತ್ತದೆ. ಮಡಿಕೆ ಮಾಡಿ ಅಂಗೈಯಲ್ಲಿ ಹಿಡಿಯಿರಿ. ನಮ್ಮದು ಇನ್ನೂ ಮನೆ ಏಳದ ನಿವೇಶನಗಳ ಸಾಲು. ಹೊಂಗೆ ಮರ ಎರಡು, ಮಳೆ ಬಂದರೆ ಮೊಣಕಾಲೆತ್ತರ ಹುಲ್ಲು. ಏನು ತಿನ್ನುತ್ತದೆ ನೋಡುತ್ತಾ ಹೋಗಿ. ಬಿಜಲಿ ಕಾಂಗ್ರೆಸ್ ಗಿಡವನ್ನು ಮೂತಿಯಿಂದ ಪಕ್ಕಕ್ಕೆ ತಳ್ಳಿ ಬುಡದ ಗರಿಕೆಯನ್ನು ಮಾತ್ರ ಕಿತ್ತುಕೊಳ್ಳುತ್ತಾಳೆ. ಆದರೂ ಎಲ್ಲವನ್ನೂ ಅವಳ ಜಾಣತನಕ್ಕೆ ಬಿಡುವಂತಿಲ್ಲ: ಬೇಲಿಗೆ ನೆಟ್ಟ ಕಣಗಿಲೆ ಕುದುರೆಗೆ ಕಡುವಿಷ, ಸ್ವಲ್ಪ ಎಲೆಯೂ ಕೊಲ್ಲಬಲ್ಲದು. ಲಂಟಾನದಿಂದಲೂ ದೂರವಿರಿಸಿ. ಒಂದು ತಿಂಗಳಲ್ಲಿ ನಾನು ಕಲಿತಷ್ಟು ಗಿಡಗಳ ಹೆಸರು ಮೂವತ್ತೊಂದು ವರ್ಷ ಕಿಟಕಿಯಾಚೆ ನೋಡಿಯೂ ಕಲಿತಿರಲಿಲ್ಲ.

ಹುಲ್ಲು ಕೀಳುವ ಸದ್ದು ಕೇಳಿ. ಕರ್ರ್ ಎಂದು ಕಿತ್ತು, ಮುಕ್ಕುವುದು, ಒಂದು ಹೆಜ್ಜೆ, ಮತ್ತೆ ಕರ್ರ್. ಹುಲ್ಲಿನಿಂದ ಏಳುವ ಹುಳುಗಳಿಗೆಂದು ಬೆಳ್ಳಕ್ಕಿಯೊಂದು ಹಿಂದೆಯೇ ಬರುತ್ತದೆ. ಗೊರವಂಕಗಳು ಕಾಲ ಬಳಿಯಲ್ಲೇ ಓಡಾಡುತ್ತವೆ. ತಂತಿಯ ಮೇಲೆ ಕುಳಿತ ಕಾಜಾಣ ಸರ್ರನೆ ಇಳಿದು ಅದೇ ಜಾಗಕ್ಕೆ ಮರಳುತ್ತದೆ. ನಾನೊಬ್ಬನೇ ಅಲ್ಲಿಗೆ ಹೋದ ದಿನ ಈ ಹಕ್ಕಿಗಳು ಇಷ್ಟು ಹತ್ತಿರ ಬಂದದ್ದಿಲ್ಲ. ಅವಳ ಕಿವಿ ಫಕ್ಕನೆ ಒಂದು ಕಡೆ ತಿರುಗಿದರೆ ನಾನೂ ಅತ್ತ ನೋಡುತ್ತೇನೆ. ಬಹಳ ಸಲ ಅಲ್ಲಿ ಏನೂ ಕಾಣುವುದಿಲ್ಲ, ಸ್ವಲ್ಪ ಹೊತ್ತಿನ ಮೇಲೆ ಹಾಲಿನವನ ಸೈಕಲ್ಲು ಬರುತ್ತದೆ.

ಹಸುವಿನ ಪಕ್ಕ ನಿಂತರೂ ಇಷ್ಟೇ ಅಲ್ಲವೇ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಮುಕ್ಕಾಲು ಪಾಲು ಅವಳ ಮಾತು ಸರಿ. ಕುದುರೆ ಸಿಗದವರು ಹಸುವಿನಿಂದಲೇ ಶುರು ಮಾಡಿ. ಹಸು ನಿಮ್ಮ ತಪ್ಪನ್ನು ಹೆಚ್ಚು ಸಹಿಸಿಕೊಳ್ಳುತ್ತದೆ.

ಮುಗಿಸುವಾಗ ಹಗ್ಗವನ್ನು ಚಾಚಾ ಅವರ ಕೈಗೆ ಕೊಟ್ಟು, ನೀರು ಕುಡಿದಳೋ ನೋಡಿ, ಹಳೆಯ ಅಭ್ಯಾಸದಂತೆ ಲಾಗ್ ಶೀಟ್ ಬರೆಯುತ್ತೇನೆ. ಒಂದು ನೋಟ್‌ಬುಕ್ಕು, ಮೂರು ಸಾಲು: ಉಸಿರು ಎಷ್ಟು, ಕಿವಿ ಹೇಗಿತ್ತು, ಏನು ಕಂಡಿತು. ನನ್ನ ಮನಸ್ಸಿನ ಸ್ಥಿತಿ ಬರೆಯುವುದಿಲ್ಲ. ಮೊನ್ನೆಯದು ಹೀಗಿದೆ: "ಉಸಿರು ಹತ್ತು. ಹಿಂಗಾಲು ಒಂದನ್ನು ಸಡಿಲಿಸಿ, ಕೆಳದುಟಿ ಜೋತುಬಿಟ್ಟು ನಿಂತಲ್ಲೇ ನಿದ್ದೆ. ಕಾಜಾಣ ಎರಡು." ಆಮೇಲೆ ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಿ. ಜೇಬನ್ನೂ ಒಮ್ಮೆ ತಡಕಿ ನೋಡಿ. ಕ್ಯಾರೆಟ್ಟಿನ ಒಂದು ತುಂಡು ಉಳಿದು ಮನೆಯಲ್ಲಿ ಇರುವೆ ಹತ್ತಿದರೆ ಬೈಸಿಕೊಳ್ಳುವವರು ನೀವು.